ಜಪಾನಿನ ಶರತ್ಕಾಲ: ಮೊದ್ಲು ತಿನ್ನೋದು ಫಿಕ್ಸ್ ಮಾಡ್ಕೊಳಿ, ನೋಡೋದು ಜೊತೇಲೇ ಬರತ್ತೆ

ಜಪಾನಲ್ಲಿರೋ ನಮ್ಮವರ ವಾಟ್ಸಾಪ್ ಗ್ರೂಪಲ್ಲಿ ಅಕ್ಟೋಬರ್ ಬಂದ್ರೆ ಸಾಕು, ಒಂದೇ ಪ್ರಶ್ನೆ ಓಡಾಡತ್ತೆ, ಕೆಂಪೆಲೆ ನೋಡೋಕೆ ಯಾವಾಗ ಹೋಗೋದು, ಕ್ಯೋಟೋನಾ ನಿಕ್ಕೋನಾ ಅಂತ. ಎರಡೂ ಚೆನ್ನಾಗೇ ಇವೆ, ಇಲ್ಲ ಅನ್ನಲ್ಲ. ಆದ್ರೆ ನವೆಂಬರ್ ಕೊನೇಲಿ ಕ್ಯೋಟೋ ಹೋಟೆಲ್ ರೇಟ್ ನೋಡಿದ್ರೆ ಎದೆ ಧಸಕ್ ಅನ್ನತ್ತೆ, ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ, ಎಲೆಗಿಂತ ಜಾಸ್ತಿ ಮುಂದೆ ನಿಂತಿರೋರ ತಲೆನೇ ಕಾಣೋದು. ಅದಕ್ಕೇ ನಾನು ಹೇಳೋದು ಉಲ್ಟಾ ದಾರಿ: ಈ ಸೀಸನ್ನಲ್ಲಿ ಏನ್ ತಿನ್ಬೇಕು ಅಂತ ಮೊದ್ಲು ಡಿಸೈಡ್ ಮಾಡಿ, ಅದು ಬೆಳೆಯೋ ಊರು ಯಾವ್ದು ನೋಡಿ, ಅದು ಕೈಗೆ ಬರೋ ವಾರದಲ್ಲಿ ಅಲ್ಲಿಗೆ ಟ್ರೈನ್ ಹತ್ತಿ. ಗದ್ದೆ, ಬೆಟ್ಟ, ಸೂರಿಗೆ ಸಾಲಾಗಿ ನೇತಾಕಿರೋ ಹಣ್ಣು, ಎಲ್ಲಾ ಅದರ ಜೊತೆಗೇ ಸಿಗತ್ತೆ, ಬೇರೆ ಪ್ಲಾನೇ ಬೇಡ.

ಸ್ಟೆಪ್ 1: ಯಾವ ತಿಂಗಳಲ್ಲಿ ಏನು ಅಂತ ತಲೇಲಿ ಇಟ್ಕೊಳಿ

ಸೆಪ್ಟೆಂಬರ್ ಅಂದ್ರೆ ಇನ್ನೂ ಸೆಕೆನೇ, ಮೇಲಿಂದ ಟೈಫೂನ್ ಬೇರೆ. ಆದ್ರೆ ಹಣ್ಣಿನ ಲೆಕ್ಕದಲ್ಲಿ ಶರತ್ಕಾಲ ಶುರು ಆಗಿರತ್ತೆ: ನಾಶಿ ಅನ್ನೋ ಗರಿಗರಿ ಪೇರ್ ಹಣ್ಣು (ಹೋಸುಯ್ ತಳಿ ಈ ಟೈಮಲ್ಲಿ ಬರತ್ತೆ, ಒಂದ್ ಹಣ್ಣಲ್ಲಿ ಒಂದ್ ಗ್ಲಾಸ್ ನೀರು), ಕ್ಯೋಹೋ ಮತ್ತೆ ಶೈನ್ ಮಸ್ಕಟ್ ದ್ರಾಕ್ಷಿ. ಸೆಪ್ಟೆಂಬರ್ 22 ಅಥವಾ 23ಕ್ಕೆ ವಿಷುವತ್ತಿನ ಸರ್ಕಾರಿ ರಜೆ, ಅದರ ಹಿಂದೆಮುಂದೆ ಸೇರಿ ಏಳು ದಿನ ಹಿಗಾನ್. ಮನೆಯೋರೆಲ್ಲಾ ಹಿರೀಕರ ಸಮಾಧಿಗೆ ಹೋಗಿ ತೊಳೆದು ಹೂವಿಟ್ಟು ಬರ್ತಾರೆ, ಅಂಟಕ್ಕಿ ಉಂಡೆಗೆ ಕೆಂಪು ಕಾಳಿನ ಸಿಹಿ ಹೂರಣ ಮೆತ್ತಿದ ಓಹಾಗಿ ತಿಂತಾರೆ. ನಮ್ಮ ಪಿತೃಪಕ್ಷ ಕೂಡ ಹೆಚ್ಚುಕಮ್ಮಿ ಇದೇ ಸುಮಾರಿಗೆ ಬರತ್ತಲ್ಲ, ಅದಕ್ಕೋ ಏನೋ ನಮ್ಮೋರಿಗೆ ಈ ಹಬ್ಬ ಯಾರೂ ಬಿಡಿಸಿ ಹೇಳೋದೇ ಬೇಡ. ಇದೇ ಆಸುಪಾಸಲ್ಲಿ, ಕೆಲವು ವರ್ಷ ಅಕ್ಟೋಬರ್ ಮೊದಲ ವಾರಕ್ಕೆ, ಚಂದ್ರನ್ನ ನೋಡೋ ಹುಣ್ಣಿಮೆ ತ್ಸುಕಿಮಿ. ಕಿಟಕಿ ಹತ್ರ ಸುಸುಕಿ ಹುಲ್ಲಿನ ತೆನೆ, ಅಕ್ಕಿಹಿಟ್ಟಿನ ಬಿಳಿ ಉಂಡೆ, ಕೆಸುವಿನ ಗೆಡ್ಡೆ ಇಟ್ಟು ಹೊರಗೆ ನೋಡ್ತಾ ಕೂರೋದು, ಅಷ್ಟೇ.

ಅಕ್ಟೋಬರಲ್ಲಿ ಚೆಸ್ಟ್‌ನಟ್, ಅಣಬೆ, ಗೆಣಸು, ಹೊಸ ಸೋಬಾ (ಬಕ್‌ವೀಟ್ ಹಿಟ್ಟಿನ ನೂಡಲ್ಸ್), ಒಳನಾಡಿನ ಭತ್ತದ ಕೊಯ್ಲು. ನವೆಂಬರಲ್ಲಿ ಕಾಕಿ ಅಂದ್ರೆ ಪರ್ಸಿಮನ್, ನಾಗಾನೋ ಮತ್ತೆ ಆಓಮೋರಿ ಸೇಬು, ಯುಜು ನಿಂಬೆ. ಕೆಂಪೆಲೆ ಮಾತ್ರ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದಿಂದ ಕೆಳಕ್ಕೆ ಇಳೀತಾ ಬರತ್ತೆ: ಹೊಕ್ಕಾಯ್ಡೋದ ದಾಯ್ಸೆತ್ಸು ಬೆಟ್ಟದಲ್ಲಿ ಸೆಪ್ಟೆಂಬರ್ ಮಧ್ಯಕ್ಕೇ ಶುರು, ಟೋಕಿಯೋ ಮತ್ತೆ ಕ್ಯೋಟೋಗೆ ಬರೋ ಹೊತ್ತಿಗೆ ನವೆಂಬರ್ ಕೊನೆ.

ಸ್ಟೆಪ್ 2: ಟ್ರಿಪ್‌ಗೆ ಮುಂಚೆ ಮನೆ ಹತ್ರದ ಸೂಪರ್‌ಮಾರ್ಕೆಟಲ್ಲೇ ಶುರು ಮಾಡಿ

ಒಳಗೆ ಕಾಲಿಡ್ತಿದ್ದಂಗೆ ಬಾಗಿಲ ಪಕ್ಕದಲ್ಲೇ ಸುಟ್ಟ ಗೆಣಸಿನ ಮೆಷಿನ್ ಇರತ್ತೆ, ಬಿಸಿ ಕಲ್ಲಿನ ಮೇಲೆ ಗೆಣಸು ಜೋಡ್ಸಿರ್ತಾರೆ, ಇಕ್ಕಳದಲ್ಲಿ ಎತ್ಕೊಂಡು ಪೇಪರ್ ಕವರ್‌ಗೆ ಹಾಕ್ಕೊಳೋದು. ಬೆನಿ ಹಾರುಕಾ ಅಂತ ಬರ್ದಿದ್ರೆ ಮೆತ್ತಗೆ ಜೇನಿನಂಗೆ, ನಾರುತೋ ಕಿಂತೋಕಿ ಆದ್ರೆ ಪುಡಿಪುಡಿ, ನಮ್ಮಲ್ಲಿ ಬೇಯ್ಸಿದ ಗೆಣಸು ತಿಂದು ಬೆಳೆದೋರಿಗೆ ಎರಡನೇದು ಹೆಚ್ಚು ಹಿಡಿಸ್ಬೋದು. ಮನೇಲಿ ಮಾಡೋದಾದ್ರೆ ತೊಳೆದು ಒದ್ದೆ ಇರೋ ಹಾಗೇ ಫಾಯಿಲ್ ಸುತ್ತಿ, ಓವನ್ ಮುಂಚೆ ಬಿಸಿ ಮಾಡ್ದೆ 160ರಿಂದ 170 ಡಿಗ್ರಿಗೆ ಒಂದೂಕಾಲು ಗಂಟೆ ಇಡಿ. ಅವಸರ ಮಾಡಿ 230ಕ್ಕೆ ಏರಿಸಿದ್ರೆ ಬೇಯತ್ತೆ, ಸಿಹಿ ಬರಲ್ಲ, ಯಾಕಂದ್ರೆ ಗೆಣಸಿನ ಒಳಗಿನ ಪಿಷ್ಟ ಸಕ್ಕರೆ ಆಗೋದು 70 ಡಿಗ್ರಿ ಆಸುಪಾಸಲ್ಲಿ, ಆ ಬಿಸೀಲಿ ಅದು ನಿಧಾನಕ್ಕೆ ಇದ್ದಷ್ಟೂ ಒಳ್ಳೇದು. ಸಿಪ್ಪೆ ಸೀಳಿದ ಕಡೆ ಕಂದು ಪಾಕ ಜಿನುಗಿ ಫಾಯಿಲ್‌ಗೆ ಅಂಟಿದ್ರೆ ಸರಿಯಾಗಿ ಆಗಿದೆ ಅಂತ.

ಅಕ್ಕಿ ವಿಷಯಕ್ಕೆ ಬಂದ್ರೆ ನಮ್ಮೂರ ಬುದ್ಧಿ ಸ್ವಲ್ಪ ಪಕ್ಕಕ್ಕಿಡ್ಬೇಕು. ನಮ್ಮ ಮನೆಗಳಲ್ಲಿ ಹಳೆ ಅಕ್ಕಿಗೇ ಮರ್ಯಾದೆ, ಹೊಸ ಅಕ್ಕಿ ಅಂದ್ರೆ ಮುದ್ದೆ ಆಗತ್ತೆ, ಹೊಟ್ಟೆ ಭಾರ ಅಂತ ಅಮ್ಮಂದಿರು ಮೂಗು ಮುರೀತಾರೆ. ಇಲ್ಲಿ ಹೊಸ ಅಕ್ಕಿ ಶಿನ್‌ಮಾಯ್‌ಗೆ ಜನ ಕಾಯ್ತಿರ್ತಾರೆ, ಆ ಅಂಟು, ಆ ಹೊಳಪು, ಆ ವಾಸನೆನೇ ಬೇಕಾಗಿರೋದು. ಆ ವರ್ಷ ಬೆಳೆದು ಡಿಸೆಂಬರ್ 31ರೊಳಗೆ ಪಾಲಿಶ್ ಮಾಡಿ ಪ್ಯಾಕ್ ಮಾಡಿದ ಅಕ್ಕಿಗೆ ಮಾತ್ರ ಆ ಹೆಸರು ಹಾಕ್ಬೋದು, ಆದ್ರಿಂದ ಬ್ಯಾಗ್ ಮೇಲಿನ ಸ್ಟಿಕರ್ ನಂಬ್ಬೋದು. 2025ರಲ್ಲಿ 5 ಕೆಜಿ ಬ್ಯಾಗ್ 4000 ಯೆನ್ ದಾಟಿದ್ದು ನೋಡಿದ್ದೀವಿ, ಹಾಗಾಗಿ ಮೊದ್ಲು 2 ಕೆಜಿ ತಗೊಂಡು ಟ್ರೈ ಮಾಡಿ. ಬೇಗ ಬೇಗ ತೊಳೀರಿ, ಅರ್ಧ ಗಂಟೆ ನೆನೆಸಿ, ನೀರು ಕುಕ್ಕರಿನ ಗೆರೆಗಿಂತ ಕೂದಲೆಳೆಯಷ್ಟು ಕಮ್ಮಿ ಹಾಕಿ. ಮೊದಲ ಬಟ್ಟಲು ಬರೀ ಉಪ್ಪು ಹಾಕ್ಕೊಂಡು ತಿನ್ನಿ, ಸಾರು ಆಮೇಲೆ. ಸಾರಿನ ಜೊತೆ ಕಲಸಿದ್ರೆ ನಿಜವಾಗ್ಲೂ ಮುದ್ದೆನೇ ಆಗತ್ತೆ, ಅಮ್ಮ ಹೇಳಿದ್ದು ತಪ್ಪೇನಲ್ಲ.

ಅದೇ ಅಕ್ಕೀಲಿ ಕುರಿ ಗೋಹಾನ್ ಮಾಡಿ. ಹೆಸರು ಕೇಳಿ ಗಾಬರಿ ಬೇಡ, ಚೆಸ್ಟ್‌ನಟ್ ಹಾಕಿದ ಅನ್ನ, ಪಕ್ಕಾ ವೆಜ್. ಕಷ್ಟ ಇರೋದು ಸಿಪ್ಪೆ ಸುಲಿಯೋದ್ರಲ್ಲಿ: ಬಿಸಿನೀರಲ್ಲಿ ಅರ್ಧ ಗಂಟೆ ನೆನೆಹಾಕಿ, ತಳದ ಒರಟು ಭಾಗನ ಚಾಕೂಲಿ ಸ್ವಲ್ಪ ಕತ್ತರಿಸಿ, ಅಲ್ಲಿಂದ ಹೊರಗಿನ ಗಟ್ಟಿ ಸಿಪ್ಪೆನ ತುದಿ ಕಡೆಗೆ ಎಳೀರಿ, ಆಮೇಲೆ ಒಳಗಿನ ಒಗರು ಸಿಪ್ಪೆನ ಆಲೂಗಡ್ಡೆ ಹೆರೆದಂಗೆ ಹೆರೆದು ನೀರಿಗೆ ಹಾಕ್ತಾ ಹೋಗಿ. ಎರಡು ಗೋ ಅಕ್ಕಿಗೆ (ಒಂದು ಗೋ ಅಂದ್ರೆ 180 ಮಿಲಿ ಕಪ್ಪು) ಸುಲಿದಿದ್ದು 200 ಗ್ರಾಂ, ಉಪ್ಪು ಒಂದು ಟೀಸ್ಪೂನ್, ಕೊಂಬು ಅನ್ನೋ ಒಣಗಿದ ಕಡಲಪಾಚಿ ಬೆರಳುದ್ದ ಒಂದು ತುಂಡು, ನೀರು ಎರಡನೇ ಗೆರೆಗೆ, ಸ್ವಿಚ್ ಒತ್ತಿ. ಆದ್ಮೇಲೆ ಹತ್ತು ನಿಮಿಷ ಮುಚ್ಚಳ ತೆಗೀಬೇಡಿ. ಸುಲಿಯೋಕೆ ಬೇಜಾರು ಅನ್ನೋರಿಗೆ ಸುಲಿದಿರೋ ಪ್ಯಾಕೆಟ್ಟೂ ಸಿಗತ್ತೆ, ದುಡ್ಡು ಜಾಸ್ತಿ, ಬೆರಳು ಸೇಫು.

ಮೀನು ತಿನ್ನೋ ಕರಾವಳಿಯೋರು ಸಾನ್ಮಾ ಬಿಡ್ಬೇಡಿ, ಕತ್ತಿಯಂಗೆ ಉದ್ದ ಬೆಳ್ಳಿ ಮೀನು, ಉಪ್ಪು ಸವರಿ ಇಡೀದೇ ಸುಟ್ಟು, ಪಕ್ಕದಲ್ಲಿ ಮೂಲಂಗಿ ತುರಿ, ಮೇಲೆ ಸುದಾಚಿ ನಿಂಬೆ. ಇತ್ತೀಚಿನ ವರ್ಷಗಳಲ್ಲಿ ಇದು ಬಲೆಗೆ ಬೀಳೋದು ಕಮ್ಮಿ ಆಗಿದೆ, ಅದಕ್ಕೇ ರೇಟ್ ಏರಿಳಿತ, ಅಗ್ಗ ಕಂಡ ದಿನ ತಗೊಂಬಿಡಿ.

ಸ್ಟೆಪ್ 3: ವೆಜ್ ಆಗಿದ್ರೆ ಏನ್ ಕೇಳ್ಬೇಕು, ಏನ್ ನಂಬ್ಬಾರ್ದು

ಮಾಂಸ ಕಾಣ್ಲಿಲ್ಲ ಅಂದ ತಕ್ಷಣ ವೆಜ್ ಅಲ್ಲ. ಕಾತ್ಸುಓ ಅನ್ನೋ ಮೀನನ್ನ ಒಣಗಿಸಿ ಹೆರೆದು ಮಾಡೋ ದಾಶಿ ಸ್ಟಾಕ್ ಮಿಸೋ (ಹುದುಗಿಸಿದ ಸೋಯಾ ಪೇಸ್ಟು) ಸೂಪಲ್ಲಿ, ಸೋಬಾ ಅದ್ದೋ ಸಾಸಲ್ಲಿ, ಬೇಯ್ಸಿದ ಕುಂಬಳಕಾಯಿ ಪಲ್ಯದಲ್ಲಿ ಕೂಡ ಇರತ್ತೆ. "ನಿಕು ನಾಶಿ" ಅಂದ್ರೆ ಮಾಂಸ ಬೇಡ ಅಂತ ಅಷ್ಟೇ, ಮೀನಿನ ಸ್ಟಾಕ್ ಅವ್ರ ಲೆಕ್ಕದಲ್ಲಿ ಮಾಂಸ ಅಲ್ಲವೇ ಅಲ್ಲ. ಹಾಗಾಗಿ ನೇರವಾಗಿ ಕೇಳಿ: "ಕಾತ್ಸುಓ ದಾಶಿ ಹಾಯಿತ್ತೆ ಇಮಾಸ್ ಕಾ?" ಇದೆ ಅಂದ್ರೆ ತಲೆ ಬಗ್ಗಿಸಿ ಥ್ಯಾಂಕ್ಸ್ ಹೇಳಿ ಬೇರೆದಕ್ಕೆ ಹೋಗಿ, ಅಡುಗೆಯೋರ ಹತ್ರ ವಾದ ಬೇಡ, ಸ್ಟಾಕ್ ಬೆಳಿಗ್ಗೆನೇ ಒಂದೇ ಪಾತ್ರೇಲಿ ಆಗಿರತ್ತೆ.

ತಲೆನೋವಿಲ್ದೆ ತಿನ್ನೋಕೆ ಆಗೋವು: ಸುಟ್ಟ ಗೆಣಸು, ಓಹಾಗಿ, ಗಿಫು ಕಡೆಯ ಕುರಿ ಕಿಂತೋನ್ (ಚೆಸ್ಟ್‌ನಟ್ ಮತ್ತೆ ಸಕ್ಕರೆ, ಬಟ್ಟೇಲಿ ಹಿಂಡಿದ ಗುರುತಿರೋ ಸಣ್ಣ ಸ್ವೀಟು), ನಾಗಾನೋದ ಓಯಾಕಿಯಲ್ಲಿ (ಒಳಗೆ ಪಲ್ಯ ಇಲ್ಲಾ ಹೂರಣ ತುಂಬಿದ ಹಿಟ್ಟಿನ ಉಂಡೆ) ಕುಂಬಳಕಾಯಿ ಇಲ್ಲಾ ಸಿಹಿ ಹೂರಣದ್ದು. ಸೊಪ್ಪಿನ ಓಯಾಕಿ ಕೇಳ್ಕೊಂಡೇ ತಗೊಳಿ. ಸೋಬಾ ತಿನ್ಲೇಬೇಕು ಅಂದ್ರೆ ಸಾಸ್ ಬಿಟ್ಟು ಉಪ್ಪು ಕೇಳಿ, "ಶಿಓ" ಅಂದ್ರೆ ಸಾಕು. ಹೊಸ ಸೋಬಾ ಬರೀ ಉಪ್ಪಲ್ಲಿ ತಿನ್ನೋ ಜಪಾನಿನವರೇ ಇದಾರೆ, ನಿಮ್ಮನ್ನ ಯಾರೂ ವಿಚಿತ್ರವಾಗಿ ನೋಡಲ್ಲ. ಪೂರ್ತಿ ಊಟ ಬೇಕು ಅಂದ್ರೆ ಬೌದ್ಧ ದೇವಸ್ಥಾನಗಳ ಶೋಜಿನ್ ರ‍್ಯೋರಿ, ಅದ್ರಲ್ಲಿ ಸ್ಟಾಕ್ ಕೊಂಬು ಮತ್ತೆ ಒಣ ಶೀತಾಕೆ ಅಣಬೇದು, ಆದ್ರೆ ಮುಂಚೆ ಬುಕ್ ಮಾಡಿರ್ಬೇಕಾಗತ್ತೆ.

ಸ್ಟೆಪ್ 4: ಒಂದು ತಿಂಡಿ, ಒಂದು ಊರು

ಇಡೀ ದೇಶ ಸುತ್ತೋ ಲಿಸ್ಟ್ ಕೊಡಲ್ಲ. ಟೋಕಿಯೋ ಕಡೆಯಿಂದ ಹೋಗೋಕೆ ಆಗೋವು ಮೂರ್ನಾಲ್ಕು ಹೇಳ್ತೀನಿ.

ಕಾಕಿಗೆ ಯಾಮಾನಾಶಿಯ ಎನ್‌ಝಾನ್, ನವೆಂಬರಲ್ಲಿ. ನನ್ನ ಕೇಳಿದ್ರೆ ಇದೊಂದೇ ಸಾಕು. ಶಿಂಜುಕುನಿಂದ ಕಾಯ್‌ಜಿ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಒಂದೂವರೆ ಗಂಟೆ. ಬೆಟ್ಟದ ಸುರಂಗಗಳೆಲ್ಲಾ ಮುಗಿದು ಕಾತ್ಸುನುಮಾ ಬುದೋಕ್ಯೋ ಸ್ಟೇಷನ್ ಹತ್ರ ಬಂದಾಗ ಕೆಳಗೆ ಇಡೀ ಕೋಫು ಬಯಲು ಒಮ್ಮೆಲೇ ತೆರ‍್ಕೊಳತ್ತೆ, ಇಳಿಜಾರೆಲ್ಲಾ ದ್ರಾಕ್ಷಿ ಚಪ್ಪರ, ನವೆಂಬರಲ್ಲಿ ಅದರ ಎಲೆ ಹಳದಿ ಕೆಂಪು ಆಗಿರತ್ತೆ, ಆಗ ಮೊಬೈಲ್ ನೋಡ್ತಾ ಕೂತಿದ್ರೆ ಹೋಯ್ತು. ಎನ್‌ಝಾನ್ ಅದರ ಮುಂದಿನ ಸ್ಟೇಷನ್. ಉತ್ತರದ ಬಾಗಿಲಿಂದ ಹೊರಗೆ ಬಂದ್ರೆ ಎದುರಿಗೇ ಕಾನ್‌ಝೋ ಯಾಶಿಕಿ, ಎದೋ ಕಾಲದಲ್ಲಿ (1603ರಿಂದ 1868) ದೇಶ ಆಳ್ತಿದ್ದ ಸೇನಾಧಿಪತಿ ಶೋಗನ್ ಸರ್ಕಾರಕ್ಕೆ ಅತಿಮಧುರ (ಜ್ಯೇಷ್ಠಮಧು) ಬೆಳೆದು ಕೊಡ್ತಿದ್ದ ತಾಕಾನೋ ಮನೆತನದ ದೊಡ್ಡ ಹಳೇ ಮನೆ. ನವೆಂಬರಲ್ಲಿ ಅದರ ಸೂರಿನ ತುಂಬ ಸಿಪ್ಪೆ ತೆಗೆದ ಕಾಕಿ, ದಾರಕ್ಕೆ ಒಂದರ ಕೆಳಗೊಂದು ಕಟ್ಟಿ ಇಳಿಬಿಟ್ಟಿರ್ತಾರೆ, ಬಿಸಿಲು ಹಿಂದಿನಿಂದ ಬಿದ್ರೆ ಒಳಗಿನ ತಿರುಳೇ ಕಾಣತ್ತೆ. ಊರೊಳಗೆ ನಡ್ಕೊಂಡು ಹೋದ್ರೆ ರೈತರ ಮನೆಗಳಲ್ಲೂ ಇದೇ ಸಾಲು. ಹಣ್ಣು ಕೋಶು ಹ್ಯಾಕುಮೆ ಅನ್ನೋ ದಪ್ಪ ತಳಿ, ಹಾಗೇ ಕಚ್ಚಿದ್ರೆ ಬಾಯೆಲ್ಲಾ ಒಗರು ಹಿಡ್ಕೊಂಡು ನಾಲಿಗೆ ಮಡಚಕ್ಕೂ ಆಗಲ್ಲ. ಒಣಗ್ತಾ ಆ ಒಗರಿನ ಟ್ಯಾನಿನ್ ಕರಗ್ದಿರೋ ರೂಪಕ್ಕೆ ಬಂದು ನಾಲಿಗೆಗೆ ತಾಕಲ್ಲ, ಉಳಿಯೋದು ಸಿಹಿ ಒಂದೇ.

ಇದನ್ನ ಮನೆ ಬಾಲ್ಕನೀಲೂ ಮಾಡ್ಬೋದು. ರೈತರ ಅಂಗಡೀಲಿ ತೊಟ್ಟಿನ ಜೊತೆ T ಅಕ್ಷರದ ಆಕಾರದ ಕಡ್ಡಿ ಬಿಟ್ಟಿರೋ ಶಿಬುಗಾಕಿ (ಒಗರು ಕಾಕಿ) ಕೇಳಿ, ದಾರ ಕಟ್ಟೋಕೇ ಆ ಕಡ್ಡಿ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯೋವರ್ಗೂ ಕಾಯಿರಿ, ಇಲ್ಲಾಂದ್ರೆ ಬೂಷ್ಟು. ಸಿಪ್ಪೆ ತೆಗೆದು, ದಾರಕ್ಕೆ ಕಟ್ಟಿ, ಕುದಿಯೋ ನೀರಲ್ಲಿ ಐದರಿಂದ ಹತ್ತು ಸೆಕೆಂಡ್ ಅದ್ದಿ, ಒಂದಕ್ಕೊಂದು ತಾಕದ ಹಾಗೆ ಗಾಳಿ ಆಡೋ, ಮಳೆ ಬೀಳದ ಕಡೆ ನೇತಾಕಿ. ವಾರ ಹತ್ತು ದಿನಕ್ಕೆ ಮೇಲ್ಭಾಗ ಒಣಗಿ ಚರ್ಮದಂಗೆ ಆಗತ್ತೆ, ಆಗ ತೊಳೆದ ಕೈಯಲ್ಲಿ ಮೆತ್ತಗೆ ಹಿಸುಕಿ, ಒಳಗಿನ ತಿರುಳು ಸಡಿಲ ಆಗ್ಲಿ. ತಿಂಗಳ ಹೊತ್ತಿಗೆ ರೆಡಿ. ಮೇಲೆ ಬರೋ ಬಿಳಿ ಪುಡಿ ಸಕ್ಕರೆ, ಹಸಿರು ಬಣ್ಣ ಕಂಡ್ರೆ ಮಾತ್ರ ಬೂಷ್ಟು, ಎಸೀರಿ.

ಗದ್ದೆ ನೋಡೋ ಆಸೆಗೆ ನಾಗಾನೋದ ಓಬಾಸುತೆ, ಸೆಪ್ಟೆಂಬರ್ ಕೊನೆ ಅಕ್ಟೋಬರ್ ಶುರು. ಶಿನೋನೋಯ್ ಲೈನಲ್ಲಿ 547 ಮೀಟರ್ ಎತ್ತರದ ಪುಟ್ಟ ಸ್ಟೇಷನ್, ಟ್ರೈನು ಹಿಂದೆ ಮುಂದೆ ಹೋಗಿ ಪ್ಲಾಟ್‌ಫಾರ್ಮ್ ಸೇರತ್ತೆ, ಪ್ಲಾಟ್‌ಫಾರ್ಮ್ ಬೆಂಚುಗಳು ಹಳಿಗೆ ಬೆನ್ನು ಹಾಕಿ ಕಣಿವೆ ಕಡೆ ಮುಖ ಮಾಡಿವೆ, ಇದಕ್ಕಿಂತ ಒಳ್ಳೆ ಶಿಫಾರಸು ಏನ್ ಬೇಕು. ಅಲ್ಲಿಂದ ಕಾಲ್ದಾರೀಲಿ ಇಳಿದ್ರೆ ಮೆಟ್ಟಿಲು ಗದ್ದೆಗಳು, ಸಣ್ಣ ಸಣ್ಣವು, ಸುಮಾರು ಒಂದೂವರೆ ಸಾವಿರ. 1999ರಲ್ಲಿ ಸರ್ಕಾರ ಇದನ್ನ ರಾಷ್ಟ್ರೀಯ ಸೌಂದರ್ಯ ತಾಣ ಅಂತ ಘೋಷಿಸಿತು, ಅದಕ್ಕೂ ಮುಂಚೆ 1688ರಲ್ಲೇ ಕವಿ ಬಾಶೋ ಇಲ್ಲಿ ಚಂದ್ರನ್ನ ನೋಡೋಕೆ ಬಂದಿದ್ದ. ಕೊಯ್ಲಾದ ಮೇಲೆ ಭತ್ತದ ಕಟ್ಟುಗಳನ್ನ ಮರದ ಅಡ್ಡಗೋಲಿಗೆ ತಲೆಕೆಳಗಾಗಿ ನೇತಾಕಿ ಬಿಸಿಲಿಗೆ ಒಣಗಿಸ್ತಾರೆ. ಬಗಲಲ್ಲಿ ನಿಂತ್ರೆ ಒಣ ಹುಲ್ಲಿನ ವಾಸನೆ, ಮಲೆನಾಡಿನೋರಿಗೆ ಯಾರೂ ಅದನ್ನ ವಿವರಿಸ್ಬೇಕಾಗಿಲ್ಲ.

ಚೆಸ್ಟ್‌ನಟ್‌ಗೆ ಓಬುಸೆ, ನಾಗಾನೋ ಸ್ಟೇಷನ್ನಿಂದ ನಾಗಾನೋ ದೆನ್‌ತೆತ್ಸು ಟ್ರೈನಲ್ಲಿ ಮುಕ್ಕಾಲು ಗಂಟೆಯೊಳಗೆ. ಹೊಸ ಚೆಸ್ಟ್‌ನಟ್ ಸೀಸನ್ನಲ್ಲಿ ವೀಕೆಂಡ್ ಕ್ಯೂ ನೋಡಿದ್ರೆ ತಿನ್ನೋ ಆಸೆನೇ ಹೋಗತ್ತೆ, ವಾರದ ದಿನ ಹೋಗಿ. ಹೆಸರಾಂತ ಚಿತ್ರಕಾರ ಹೊಕುಸಾಯ್ ಎಂಬತ್ತು ದಾಟಿದ ಮೇಲೆ ಈ ಊರಿಗೆ ಬಂದು ಕೆಲಸ ಮಾಡಿದ್ದ, ಗಾನ್‌ಶೋಇನ್ ದೇವಸ್ಥಾನದ ಚಾವಣೀಲಿ ಅವನ ಫೀನಿಕ್ಸ್ ಹಕ್ಕಿ ಇದೆ, ಎಲ್ಲಿ ನಿಂತ್ರೂ ನಿಮ್ಮನ್ನೇ ಗುರಾಯ್ಸತ್ತೆ.

ಮಕ್ಕಳ ಜೊತೆ ಅರ್ಧ ದಿನ ಸಾಕು ಅನ್ನೋರಿಗೆ ಸೈತಾಮಾದ ಕೋಮಾ ಸ್ಟೇಷನ್ ಹತ್ರ ಕಿನ್‌ಚಾಕುದಾ, ಸೆಪ್ಟೆಂಬರ್ ಕೊನೇಲಿ ಹೊಳೆ ಬಳಸಿದ ಜಾಗದಲ್ಲಿ 50 ಲಕ್ಷದಷ್ಟು ಕೆಂಪು ಹಿಗಾನ್‌ಬಾನಾ ಹೂವು. ಈ ಗೆಡ್ಡೆ ವಿಷ, ಅದಕ್ಕೇ ಹಿಂದೆ ಹೆಗ್ಗಣ ಬರದಿರ್ಲಿ ಅಂತ ಗದ್ದೆ ಬದುವಲ್ಲಿ ನೆಡ್ತಿದ್ರು, ಮಕ್ಕಳ ಕೈಗೆ ಕೊಡ್ಬೇಡಿ. ಗೆಣಸು ಅಗೆಯೋ ಆಸೆಗೆ ಕಾವಾಗೋಏ ಕಡೆ ತೋಟಗಳಿವೆ, ಬೂಟು ಹಾಳಾಗತ್ತೆ ಅಷ್ಟೇ.

ಉತ್ತರಕ್ಕೆ ಹೋಗೋರಿಗೆ ಒಂದು ಮಾತು: ಯಾಮಾಗಾತದಲ್ಲಿ ಹೊಳೆ ದಂಡೇಲಿ ಕೆಸುವಿನ ಗೆಡ್ಡೆ ಬೇಯ್ಸೋ ಇಮೋನಿ ಸೀಸನ್ ಇರತ್ತೆ, ಸೆಪ್ಟೆಂಬರಲ್ಲಿ ಊರಹಬ್ಬಕ್ಕೆ 6.5 ಮೀಟರ್ ಅಗಲದ ಪಾತ್ರೆ ಇಟ್ಟು ಜೇಸೀಬಿ ಥರದ ಯಂತ್ರದಲ್ಲಿ ಬಡಿಸ್ತಾರೆ. ಅಲ್ಲಿ ದನದ ಮಾಂಸ, ಪಕ್ಕದ ಮಿಯಾಗಿಯಲ್ಲಿ ಹಂದಿ ಮತ್ತೆ ಮಿಸೋ. ವೆಜ್‌ನೋರು ನೋಡಿ ನಕ್ಕು ಬರ್ಬೇಕು ಅಷ್ಟೇ, ಗೆಡ್ಡೆ ಮನೆಗೆ ತಂದು ಹುಳಿ ಮಾಡ್ಕೊಳಿ.

ಸ್ಟೆಪ್ 5: ವಾಪಸ್ ಟ್ರೈನ್ ಮೊದ್ಲು ನೋಡಿ, ಚಿಲ್ಲರೆ ಇಟ್ಕೊಳಿ

ಹಳ್ಳಿ ಲೈನಲ್ಲಿ ಗಂಟೆಗೊಂದು, ಕೆಲವು ಕಡೆ ಎರಡು ಗಂಟೆಗೊಂದು ಟ್ರೈನ್. ಹೋಗೋದಲ್ಲ, ಬರೋದು ಯಾವಾಗ ಅಂತ ಇಳಿದ ಕೂಡ್ಲೇ ಬೋರ್ಡ್ ಫೋಟೋ ತೆಗ್ದಿಟ್ಕೊಳಿ. ಟ್ಯಾಪ್ ಮಾಡಿ ಟ್ರೈನ್ ದುಡ್ಡು ಕಟ್ಟೋ ಸುಯಿಕಾ ಕಾರ್ಡ್ ಎಲ್ಲಾ ಕಡೆ ನಡೆಯಲ್ಲ, ಟೋಕಿಯೋದಲ್ಲಿ ಟ್ಯಾಪ್ ಮಾಡಿ ಒಳಗೆ ಹೋಗಿ ಕಾರ್ಡ್ ನಡೀದ ಸ್ಟೇಷನ್ನಲ್ಲಿ ಇಳಿದ್ರೆ ಸುಮ್ನೆ ತಾಪತ್ರಯ, ಗ್ಯಾರಂಟಿ ಇಲ್ಲಾಂದ್ರೆ ಪೇಪರ್ ಟಿಕೆಟ್ ತಗೊಳಿ. ಕಂಡಕ್ಟರ್ ಇಲ್ಲದ ಒಂದೇ ಬೋಗಿ ಟ್ರೈನ್ ಬಂದ್ರೆ ಸಾಮಾನ್ಯವಾಗಿ ಹಿಂದಿನ ಬಾಗಿಲಲ್ಲಿ ಹತ್ತಿ, ಅಲ್ಲೇ ನಂಬರ್ ಚೀಟಿ ಎಳ್ಕೊಳಿ, ಇಳಿಯೋವಾಗ ಡ್ರೈವರ್ ಹಿಂದಿನ ಬೋರ್ಡಲ್ಲಿ ಆ ನಂಬರ್ ಕೆಳಗೆ ಎಷ್ಟಿದೆಯೋ ಅಷ್ಟು ಡಬ್ಬಿಗೆ ಹಾಕಿ ಮುಂದಿನ ಬಾಗಿಲಲ್ಲಿ ಇಳೀರಿ. ನವೆಂಬರ್ ಕೊನೇಲಿ ಟೋಕಿಯೋ ಕಡೆ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗ್ತಾನೆ, ಹಾಗಾಗಿ ಮಧ್ಯಾಹ್ನದ ಪ್ಲಾನ್ ಅಂತ ಇಟ್ಕೋಬೇಡಿ, ಬೆಳಗಿನ ಟ್ರೈನೇ ಹತ್ತಿ.

ಚಿಲ್ಲರೆ ಯಾಕೆ ಅಂದ್ರೆ ದಾರಿ ಬದಿಯ ಜನ ಇಲ್ಲದ ಅಂಗಡಿಗಳಿಗೆ. ತಗಡು ಹೊದಿಸಿದ ಮರದ ಗೂಡು, ಎರಡು ಹಲಗೆ, ಮೇಲೆ ಪ್ಲಾಸ್ಟಿಕ್ ಕವರಲ್ಲಿ ಎಲೆ ಸಮೇತ ನಾಲ್ಕೈದು ಕಾಕಿ, ಪಕ್ಕದಲ್ಲಿ ಮಣ್ಣು ಹತ್ತಿರೋ ಮೂಲಂಗಿ, ಕೈಬರಹದಲ್ಲಿ 100 ಯೆನ್ ಅಂತ ರಟ್ಟು, ಮುಚ್ಚಳಕ್ಕೆ ತೂತು ಕೊರೆದ ಡಬ್ಬಿ ಸರಪಳೀಲಿ ಕಟ್ಟಿರತ್ತೆ. ಸಾವಿರದ ನೋಟು ಹಿಡ್ಕೊಂಡು ನಿಂತ್ರೆ ಚೇಂಜ್ ಕೊಡೋರು ಯಾರೂ ಇರಲ್ಲ.

ಸ್ಟೆಪ್ 6: ಹಳ್ಳಿಯಲ್ಲಿ ಮೈಮೇಲೆ ಎಚ್ಚರ

ಮರದ ತುಂಬ ಹಣ್ಣಿದ್ದು ಯಾರೂ ಕೀಳ್ತಿಲ್ಲ ಅಂದ್ರೂ ಅದು ಯಾರದ್ದೋ ಮರ, ಕೈ ಹಾಕ್ಬೇಡಿ. ಗದ್ದೆ ಬದು ಮೇಲೆ ಫೋಟೋಗೆ ಅಂತ ಹತ್ತಬೇಡಿ, ಬದು ಕುಸಿದ್ರೆ ನೀರು ಕಟ್ಟೋರಿಗೆ ಕಷ್ಟ. ಕಾಡಿನ ಅಣಬೆ ಎಷ್ಟೇ ಚೆನ್ನಾಗಿ ಕಂಡ್ರೂ ಅಂಗಡೀದೇ ತಿನ್ನಿ. ಕಸದ ಡಬ್ಬಿ ಸಿಗಲ್ಲ, ಚೀಲದಲ್ಲೇ ವಾಪಸ್ ತನ್ನಿ. ಮತ್ತೆ ಕರಡಿ, ಇದು ತಮಾಷೆ ಅಲ್ಲ, 2023 ಮತ್ತೆ 2025ರಲ್ಲಿ ಕರಡಿ ದಾಳಿಗಳು ತುಂಬಾ ಜಾಸ್ತಿ ಆದ್ವು, ಅದರಲ್ಲೂ ಉತ್ತರದ ಕಡೆ, ಕಾಡಲ್ಲಿ ಕಾಯಿ ಕಮ್ಮಿಯಾದ ವರ್ಷ ಕಾಕಿ ಮತ್ತೆ ಚೆಸ್ಟ್‌ನಟ್ ಹುಡುಕ್ಕೊಂಡು ಊರಿಗೇ ಬರ್ತವೆ. ಎಚ್ಚರಿಕೆ ಬೋರ್ಡ್ ಇದ್ರೆ ಅಲ್ಲಿಂದಲೇ ವಾಪಸ್, ಮುಂಜಾನೆ ಸಂಜೆ ಬೆಟ್ಟದ ದಾರಿ ಒಬ್ರೇ ಬೇಡ, ಬ್ಯಾಗಿಗೊಂದು ಗಂಟೆ ಕಟ್ಕೊಳಿ.

ಸ್ಟೆಪ್ 7: ಹೊತ್ಕೊಂಡು ಬರ್ಬೇಡಿ, ಕಳಿಸಿ

ಕಾರಿದ್ರೆ ಮಿಚಿ ನೋ ಎಕಿ ಅನ್ನೋ ಹೆದ್ದಾರಿ ಪಕ್ಕದ ನಿಲ್ದಾಣಗಳಲ್ಲಿ ನಿಲ್ಸಿ, ದೇಶದಲ್ಲಿ 1200ಕ್ಕೂ ಹೆಚ್ಚಿವೆ, ತರಕಾರಿ ಹಣ್ಣಿನ ಕವರ್ ಮೇಲೆ ಬೆಳೆದೋರ ಹೆಸರೇ ಇರತ್ತೆ. ಬೆಳಿಗ್ಗೆ ಹತ್ತರೊಳಗೆ ಹೋದ್ರೆ ಒಳ್ಳೇದು ಸಿಗತ್ತೆ, ಮಧ್ಯಾಹ್ನಕ್ಕೆ ಹಲಗೆ ಖಾಲಿ. ಸೇಬು, ಅಕ್ಕಿ, ಕಾಕಿ ಬಾಕ್ಸ್ ತಗೊಂಡ್ರೆ ತುಂಬಾ ಕಡೆ ಅಲ್ಲೇ ಕೌಂಟರಲ್ಲಿ ಕೊರಿಯರ್ ಫಾರ್ಮ್ ಇರತ್ತೆ, ಹೆಸರು, ಅಡ್ರೆಸ್, ಫೋನ್ ನಂಬರ್ ಬರ್ದು, ಕೆಳಗಿರೋ ಟೈಮ್ ಸ್ಲಾಟಲ್ಲಿ ನೀವು ಆಫೀಸಿಂದ ಬಂದಿರೋ ಸಂಜೆ ಹೊತ್ತು ಟಿಕ್ ಮಾಡಿ. ಸಾಮಾನ್ಯವಾಗಿ ಮಾರನೇ ದಿನವೇ ಮನೆಗೆ ಬರತ್ತೆ. ದ್ರಾಕ್ಷಿ ಮತ್ತೆ ಹಣ್ಣಾದ ಕಾಕಿ ಇದ್ರೆ ಕೂಲ್ ಸರ್ವಿಸ್ ಕೇಳಿ, ಸ್ವಲ್ಪ ಜಾಸ್ತಿ ಆಗತ್ತೆ. ಗೆಣಸಿಗೆ ಮಾತ್ರ ಕೂಲ್ ಬೇಡ, ಫ್ರಿಡ್ಜಲ್ಲೂ ಇಡ್ಬೇಡಿ, ಚಳಿ ತಾಗಿದ್ರೆ ಒಳಗೆ ಕಪ್ಪಾಗತ್ತೆ, ನ್ಯೂಸ್‌ಪೇಪರಲ್ಲಿ ಸುತ್ತಿ ಅಡುಗೆಮನೆ ಮೂಲೇಲಿ ಇಡಿ.